ಸ್ಕೋರ್ ಬರೆದಿಟ್ಟ ಅಪ್ಪ

ಒಂದು ತಿಂಗಳು ನಾನು ಊಟದ ಡಬ್ಬಿಯ ಜೊತೆ ವಿಡಿಯೊ ಗೇಮಿನ ಅಡಾಪ್ಟರನ್ನೂ ಆಫೀಸಿಗೆ ಹೊತ್ತಿದ್ದೇನೆ. ಘಾಟ್ಕೋಪರಿನಿಂದ ವಿ.ಟಿ.ಗೆ, ವಿ.ಟಿ.ಯಿಂದ ಘಾಟ್ಕೋಪರಿಗೆ. ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ಅದು ಯಾರದೋ ಬೆನ್ನಿಗೆ ಚುಚ್ಚಿ ಬೈಸಿಕೊಂಡದ್ದೂ ಉಂಟು.

ಕಾರಣ, ಮಗಳು ರಂಜನಿ. ಐದನೇ ಕ್ಲಾಸು. ಸೋದರಮಾವ ಮಸ್ಕತ್‌ನಿಂದ ಗೇಮ್ ಸೆಟ್ ತಂದುಕೊಟ್ಟ ದಿನದಿಂದ ಟಿವಿ ಮುಂದೆ ಠಿಕಾಣಿ ಹೂಡಿದ್ದಳು. ಅಡಾಪ್ಟರೇ ಇಲ್ಲದಿದ್ದರೆ ಆಡುವುದು ಹೇಗೆ? ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಆದರೆ ಸಂಜೆ ಮನೆಗೆ ಬಂದರೆ ಮಗಳ ಮುಖ ಊದಿರುತ್ತಿತ್ತು.

"ಕಿತ್ಕೊಳ್ಳೋ ಬದಲು ಅವಳ ಜೊತೆ ಕೂತ್ಕೋಬಾರ್ದಾ?" ಎಂದಳು ಹೆಂಡತಿ ಜಯಾ.

ಕೂತೆ. ನಿಜ ಹೇಳುತ್ತೇನೆ, ಅಂಥ ಒಳ್ಳೆಯ ವಾರ ನಮ್ಮ ಮನೆಗೆ ಬಂದಿರಲಿಲ್ಲ. "ಅರೇ ಅಪ್ಪಾ, ಜಂಪ್ ಕರೋ ನಾ! ಈಗ, ಈಗ!" ಎಂದು ಅವಳು ಕೂಗುವುದು, ನಾನು ಆಟದೊಳಗಿನ ಹಳ್ಳಕ್ಕೆ ಬೀಳುವುದು. ನಾನು ಬಿದ್ದಷ್ಟೂ ಅವಳಿಗೆ ನಗು. (ಸ್ಕೂಲಿನ ಸುದ್ದಿಯೆಲ್ಲ ಬಾಯಿಬಿಟ್ಟದ್ದು ಆಗಲೇ.) ಅರ್ಧ ಗಂಟೆಯಾದರೆ ಅವಳೇ ಸ್ವಿಚ್ ಆಫ್ ಮಾಡುತ್ತಿದ್ದಳು. ಯಾಕೆ ಅಂತ ಇವತ್ತಿಗೂ ನನಗೆ ಕುತೂಹಲ.

ಅಲ್ಲಿಗೆ ಸುಮ್ಮನಿರಬೇಕಿತ್ತು. ನಮ್ಮಂಥವರು ಇರುತ್ತೇವೆಯೇ? ಮಗು ಗುನುಗಿದರೆ ಸಂಗೀತದ ಕ್ಲಾಸಿಗೆ ಸೇರಿಸುವ, ಕುಣಿದರೆ ಪರೀಕ್ಷೆಗೆ ಕಟ್ಟಿಸುವ ಜನ ನಾವು. ಒಂದು ನೋಟ್‌ಬುಕ್ ತಂದೆ. ದಿನಾ ಅವಳ ಸ್ಕೋರ್ ಬರೆದೆ. "ನಿನ್ನೆಗಿಂತ ಕಡಿಮೆ ಯಾಕೆ? ಗಮನ ಎಲ್ಲಿತ್ತು?" ಎಂದೆ. ಸಾಲದ್ದಕ್ಕೆ ಮೂರನೇ ಮಹಡಿಯ ಮಕ್ಕಳ ಸ್ಕೋರನ್ನೂ ವಿಚಾರಿಸಿಕೊಂಡು ಬಂದೆ.

ನಾಲ್ಕೇ ದಿನ. "ಹೋಮ್‌ವರ್ಕ್ ಇದೆ ಅಪ್ಪ" ಎಂದು ಒಳಗೆ ಹೋದಳು. ಅಡಾಪ್ಟರ್ ಹೊತ್ತು ಬಿಡಿಸಲಾಗದ ಆಟ ತಾನಾಗಿ ಬಿಟ್ಟುಹೋಗಿತ್ತು. ಹಾಗಾದರೆ ನಾನು ಗೆದ್ದೆನೇ?

ಮೊನ್ನೆ ಭಾನುವಾರ ನೋಡಿದರೆ, ಟಿವಿಯ ಮೇಲೆ ಗೇಮ್ ಸೆಟ್ಟೇ ಇಲ್ಲ. ಎದುರು ಮನೆಯಿಂದ ಅದೇ ಟುಂಯ್ ಟುಂಯ್ ಸದ್ದು, ಜೊತೆಗೆ ರಂಜನಿಯ ನಗು. ಇಣುಕಿದೆ. ಆ ಮನೆಯ ಅರವತ್ತು ದಾಟಿದ ಮರಾಠಿ ಹೆಂಗಸು, ಮಕ್ಕಳೆಲ್ಲರ 'ಕಾಕು', ಸುಲಿಯುತ್ತಿದ್ದ ಬಟಾಣಿಯನ್ನು ಬದಿಗೆ ಸರಿಸಿ, ಹಳ್ಳಕ್ಕೆ ಬೀಳುತ್ತಿದ್ದರು. "ಅಗಂ, ಪುನ್ಹಾ ಪಡಲೇ!" ಎಂದು ಮತ್ತೆ ಬಿದ್ದದ್ದಕ್ಕೆ ಅವರೇ ನಗುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು. ಮುಚ್ಚಿಡುವುದೇಕೆ?

ನನ್ನನ್ನು ಕಂಡದ್ದೇ ರಂಜನಿಯ ನಗು ನಿಂತಿತು.

"ನಾನೂ ಆಡಲಾ?" ಎಂದೆ.

ಅವಳು ಮೊದಲು ನೋಡಿದ್ದು ನನ್ನ ಕೈಗಳನ್ನು, ನೋಟ್‌ಬುಕ್ ತಂದಿದ್ದೇನೆಯೇ ಎಂದು.