ಚಾಕೋ ಚೇಟನ ಕಾರಿನ ಸ್ಟಿಯರಿಂಗ್ ಪಂಪು

ಅದು ೧೯೭೮. ಕಡಬದಲ್ಲಿ ನಿಮ್ಮ ಅಜ್ಜನಿಗೆ ಗ್ಯಾರೇಜ್ ಇತ್ತು. ಬಿಡಿಭಾಗಗಳ ಕೌಂಟರು ನನ್ನದು. ಬಿಚ್ಚಿದ ಸಾಮಾನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಕೊಡುವುದೂ ನನ್ನದೇ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು ನಾನು. ಗಿರಾಕಿಗಳ ಹತ್ತಿರ ಮಾತನಾಡಲು ನಾಚಿಕೆ. ಕೇಳಿದ್ದನ್ನು ತೆಗೆದು ಮೇಜಿನ ಮೇಲಿಟ್ಟು ಸುಮ್ಮನಾಗುತ್ತಿದ್ದೆ. ಎಲ್ಲರ ಎದುರು ನಾನು ಬಾಯಿ ಬಿಟ್ಟದ್ದು ಈ ಕಾರಿನ ವಿಷಯದಲ್ಲಿ ಮಾತ್ರ.

ಕಾರು ಇಚಿಲಂಪಾಡಿಯ ಚಾಕೋ ಚೇಟನದು. ಕೇರಳದಿಂದ ಬಂದು ರಬ್ಬರ್ ಬೆಳೆಸಿದ ಮನೆತನ, ಅವರ ಮಾತಿನಲ್ಲಿ ಚೇಟ ಎಂದರೆ ಅಣ್ಣ. ಮಡಿಕೇರಿ ಕಡೆಯ ಎಸ್ಟೇಟಿನಿಂದ ಅಮೆರಿಕದ ಹಳೆಯ ದೊಡ್ಡ ಕಾರೊಂದನ್ನು ತಂದಿದ್ದರು. ಅದರಲ್ಲಿ ಪವರ್ ಸ್ಟಿಯರಿಂಗ್ ಇತ್ತು. ಈಗ ನಿಮ್ಮ ಎಲ್ಲ ಕಾರುಗಳಲ್ಲೂ ಸ್ಟಿಯರಿಂಗ್ ಹಗುರ. ಆಗ ನಮ್ಮ ಕಡೆ ಅಂಥದ್ದು ಇದ್ದದ್ದು ಅದೊಂದೇ. ಎಂಜಿನ್ನಿನ ಬೆಲ್ಟು ಒಂದು ಸಣ್ಣ ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಒತ್ತಿ ಚಕ್ರ ತಿರುಗಿಸಲು ಸಹಾಯ ಮಾಡುತ್ತದೆ. ಪಂಪಿನ ಮೇಲೆಯೇ ಎಣ್ಣೆಯ ಡಬ್ಬಿ, ಅದಕ್ಕೊಂದು ಮುಚ್ಚಳ. ಎಣ್ಣೆ ಮುಗಿದರೆ ಪಂಪು ಕೂಗುತ್ತದೆ, ಆಮೇಲೆ ಸುಟ್ಟುಹೋಗುತ್ತದೆ.

ಕಾರು ಓಡಿಸುತ್ತಿದ್ದವರು ಅದ್ರಾಮ ಬ್ಯಾರಿ, ಆ ಮನೆಯ ಹಳೆಯ ಡ್ರೈವರ್. ಮಕ್ಕಳು ಸಣ್ಣವರು, ಸಂಸಾರ ನಡೆಯುತ್ತಿದ್ದದ್ದು ಆ ಒಂದು ಕೆಲಸದಿಂದ.

ಮೊದಲ ಸಲ ಪಂಪು ಕೆಟ್ಟದ್ದು ವಯಸ್ಸಾಗಿ. ಅಜ್ಜ ಪುತ್ತೂರಿನ ಲೇತಿನಲ್ಲಿ ದಂಡ ಕೂರುವ ಬುಶ್ ಮಾಡಿಸಿ, ಹೊಸ ಆಯಿಲ್ ಸೀಲ್ ಹಾಕಿ ಸರಿ ಮಾಡಿದರು. ಆಯಿಲ್ ಸೀಲ್ ಎಂದರೆ ತಿರುಗುವ ದಂಡದ ಸುತ್ತ ಎಣ್ಣೆ ಹೊರಬಾರದಂತೆ ತಡೆಯುವ ಬಳೆ. ಆದರೆ ಚಾಕೋ ಚೇಟನಿಗೆ ಸಂಶಯ ಹೊಕ್ಕಿತ್ತು. ಅದ್ರಾಮ ಬ್ಯಾರಿಯ ಭಾವನಿಗೆ ಪುತ್ತೂರಿನಲ್ಲಿ ಗುಜರಿ ಅಂಗಡಿ. ಒಳಗಿನ ಒಳ್ಳೆಯ ಸಾಮಾನು ಅಲ್ಲಿಗೆ ಹೋಗಿ, ಹಳೆಯದು ಇಲ್ಲಿಗೆ ಬಂತೋ ಏನೋ ಎಂದು. ಮನೆಯಿಂದ ಒಂದು ಡಬ್ಬಿ ರಬ್ಬರ್ ಹಾಲು ತಂದು ಪಂಪಿನ ಮುಚ್ಚಳದ ಮೇಲೆಲ್ಲ ದಪ್ಪಗೆ ಮೆತ್ತಿದರು. ಅದು ಗಟ್ಟಿಯಾಗುತ್ತ ಬಂದಾಗ ಹೆಬ್ಬೆರಳು ಒತ್ತಿ ಅಜ್ಜನತ್ತ ತಿರುಗಿದರು.

“ಇದು ನನ್ನ ಬೆರಳು, ಗೌಡ್ರೆ. ಇದನ್ನು ಕದಿಯುವವ ಇನ್ನು ಹುಟ್ಟಬೇಕಷ್ಟೆ. ನಾನಲ್ಲದೆ ಯಾರೂ ಮುಟ್ಟುದು ಬೇಡ.”

ಧಣಿಯನ್ನು ಮುದಲಾಳಿ ಎಂದೇ ಕರೆಯುತ್ತಿದ್ದ ಅದ್ರಾಮ ಬ್ಯಾರಿ ನಕ್ಕರು. “ಮುದಲಾಳಿ, ನನ್ನ ಬಾಯಿಗೂ ಸ್ವಲ್ಪ ಮೆತ್ತಿಬಿಡಿ. ಎಣ್ಣೆ ಕುಡಿದೆ ಅಂತ ಹೇಳುದು ಬೇಡ.”

ಮಳೆಗಾಲಕ್ಕೆ ಮೊದಲೇ ಪಂಪು ಮತ್ತೆ ಕೆಟ್ಟುಹೋಯಿತು. ಬೆರಳಿನ ಗುರುತು ಇದ್ದ ಹಾಗೇ ಇತ್ತು, ಡಬ್ಬಿಯಲ್ಲಿ ಎಣ್ಣೆ ಮಾತ್ರ ಇಲ್ಲ. ಆಮೇಲೆ ಯಾರು ಯಾರನ್ನು ನೋಡಿದರೂ ಓರೆಗಣ್ಣಿನಿಂದಲೇ. ಬ್ಯಾರಿ ಸ್ಟಿಯರಿಂಗನ್ನು ಕೊನೆಯ ತನಕ ಎಳೆದು ಹಿಡಿದೇ ಸೀಲು ಹಾರಿಸುತ್ತಾರೆ ಎಂದು ಅಜ್ಜ ನನ್ನ ಹತ್ತಿರ ಗೊಣಗಿದರು. ಗೌಡರು ಹಾಕಿದ ಸೀಲೇ ಸರಿಯಿಲ್ಲ ಎಂದು ಬ್ಯಾರಿ ಹೊರಗೆ ಯಾರಿಗೋ ಹೇಳಿದ್ದು ನಮ್ಮ ಕಿವಿಗೂ ಬಿತ್ತು. ಚಾಕೋ ಚೇಟನಿಗೆ ಇಬ್ಬರ ಮೇಲೂ ಅನುಮಾನ. ನಾನು ಕೌಂಟರಿನ ಹಿಂದೆ ಕುಳಿತು ಎಲ್ಲರ ಕೈಗಳನ್ನೇ ನೋಡುತ್ತಿದ್ದೆ. ರಿಪೇರಿಯಾಯಿತು. ಈ ಸಲ ಚೇಟ ಎರಡು ಪದರ ಮೆತ್ತಿದರು.

ಮೂರನೆಯ ಸಲ ಆದದ್ದು ಭಾನುವಾರದ ಪ್ರಾರ್ಥನೆಗೆ ಇಗರ್ಜಿಗೆ ಹೋಗುವಾಗ, ಇಚಿಲಂಪಾಡಿಯ ತಿರುವಿನಲ್ಲಿ. ಹಿಂದಿನ ಸೀಟಿನಲ್ಲಿ ಚೇಟನ ವಯಸ್ಸಾದ ಅಮ್ಮ. ಸ್ಟಿಯರಿಂಗ್ ಒಮ್ಮೆಲೇ ಕಲ್ಲಾಯಿತು. ಬ್ಯಾರಿ ಎದ್ದು ನಿಂತಂತೆ ಎಳೆದು ಕಾರನ್ನು ಗುಡ್ಡದ ಬದಿಗೆ ತಾಗಿಸಿ ನಿಲ್ಲಿಸಿದರು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಬಂದ ಚಾಕೋ ಚೇಟ ಎಲ್ಲರ ಎದುರೇ ಕೈ ಚಾಚಿದರು.

“ಕೀ ಕೊಡು. ನಾಳೆಯಿಂದ ಬರುದು ಬೇಡ. ನನ್ನ ಬೆರಳು ಹಾಗೇ ಉಂಟು, ಎಣ್ಣೆ ಇಲ್ಲ. ಕೆಳಗಿಂದ ಪೈಪ್ ಬಿಚ್ಚಿದ್ದು ಯಾರು? ನಿನ್ನ ಭಾವನಾ?”

“ಹಿಂದೆ ನನ್ನ ಅಮ್ಮ ಕೂತಿದ್ದರೂ ಸ್ಟಿಯರಿಂಗನ್ನು ಹಾಗೇ ಎಳೆಯುತ್ತಿದ್ದೆ, ಮುದಲಾಳಿ,” ಎಂದು ಬ್ಯಾರಿ ಕೀ ಕೊಟ್ಟರು.

ಹಿಂದಿನ ಸಲ ರಬ್ಬರನ್ನು ಚೇಟನೇ ಚೂರಿಯಿಂದ ಕೊಯ್ದು ಮುಚ್ಚಳ ಒರೆಸಿ ಕೊಟ್ಟಿದ್ದರು. ಅಂದು ಕೋಪದಲ್ಲಿ ಮುಚ್ಚಳವನ್ನು ಹಾಗೇ ತಿರುಪಿ ತೆಗೆದು ನನ್ನ ಸೀಮೆಎಣ್ಣೆಯ ತಟ್ಟೆಗೆ ಎಸೆದರು. ನಾನು ಉಗುರಿನಿಂದ ರಬ್ಬರ್ ಸುಲಿದೆ. ಒಂದು ಕಡೆ ಅದು ಸುಲಭಕ್ಕೆ ಬಿಡಲಿಲ್ಲ. ಜಗ್ಗಿದಾಗ ಮುಚ್ಚಳದ ನೆತ್ತಿಯಿಂದ ನೂಲಿನ ಹಾಗೆ ಒಂದು ಎಳೆ ಹೊರಬಂತು. ಅದು ಬಂದ ಜಾಗದಲ್ಲಿ ಗುಂಡುಸೂಜಿಯಷ್ಟು ತೂತು.

“ಇಲ್ಲಿ ನೋಡಿ,” ಎಂದೆ. ನನ್ನ ಸ್ವರ ನನಗೇ ಜೋರೆನಿಸಿತು. “ಈ ತೂತು ಎಂತಕ್ಕೆ?”

“ಅದಾ? ಎಣ್ಣೆ ಬಿಸಿಯಾದಾಗ ಗಾಳಿ ಹೋಗ್ಲಿಕ್ಕೆ...” ಎಂದ ಅಜ್ಜ ಮಾತನ್ನು ಅಲ್ಲಿಗೇ ನಿಲ್ಲಿಸಿದರು. ನನ್ನ ಕೈಯ ರಬ್ಬರ್ ನೋಡಿದರು, ಚೇಟನನ್ನು ನೋಡಿದರು.

ಮರುದಿನ ಅಜ್ಜ ಪಂಪಿಗೆ ಹೊಸ ಸೀಲು ಹಾಕಿ ಎಣ್ಣೆ ತುಂಬಿಸಿದರು. ಚೇಟನನ್ನೂ ಬ್ಯಾರಿಯನ್ನೂ ಕರೆಸಿ, ಮುಚ್ಚಳದ ತೂತಿಗೆ ಸೈಕಲ್ ಪಂಕ್ಚರಿನ ತೇಪೆ ಅಂಟಿಸಿ ಎಂಜಿನ್ ಶುರು ಮಾಡಿದರು. ಬ್ಯಾರಿ ಸ್ಟಿಯರಿಂಗನ್ನು ಅತ್ತಿತ್ತ ತಿರುಗಿಸುತ್ತಿದ್ದರು. ಎಣ್ಣೆ ಬಿಸಿಯಾಗುತ್ತಿದ್ದಂತೆ ಪಂಪಿನ ದಂಡದ ಬುಡದಲ್ಲಿ ಒದ್ದೆ ಕಾಣಿಸಿತು, ಆಮೇಲೆ ಬೆಲ್ಟು ತಿರುಗಿಸುವ ಪುಲ್ಲಿ, ಆ ಸಣ್ಣ ಗಾಲಿ, ಅದನ್ನು ಮಂಜಿನಂತೆ ಸುತ್ತ ಎರಚಿತು. ಮೇಲೆ ಗಾಳಿ ಹೋಗಲು ದಾರಿಯಿಲ್ಲದೆ ಎಣ್ಣೆ ಸೀಲನ್ನು ತಳ್ಳಿಕೊಂಡು ಹೊರಬರುತ್ತಿತ್ತು. ಮಣ್ಣಿನ ರಸ್ತೆಯ ಧೂಳಿನಲ್ಲಿ ಆ ಕಲೆ ಹಳೆಯ ಜಿಡ್ಡಿನಂತೆ ಕಂಡು ನಮಗೆ ಮೋಸ ಮಾಡಿತ್ತು. ಚೇಟನ ರಬ್ಬರ್ ಮೊಹರು ಇದ್ದುದರಿಂದ ಒಳಗೆ ಎಣ್ಣೆ ಎಷ್ಟಿದೆ ಎಂದು ಯಾರೂ ತೆರೆದು ನೋಡುವಂತೆಯೂ ಇರಲಿಲ್ಲ. ಅಜ್ಜ ತೇಪೆ ಕಿತ್ತರು. ಉಸ್ಸೆಂದು ಗಾಳಿ ಹೋಯಿತು, ಸೋರುವುದು ನಿಂತಿತು.

ಚಾಕೋ ಚೇಟ ಬಾನೆಟ್ ಇಳಿಸಿದರು. “ಗೌಡ್ರೆ, ನಾನೇ ಕೆಡಿಸಿದ್ದಲ್ಲವಾ?” ಎಂದು ಕೇಳಿ, ಕಿಸೆಯಿಂದ ಕೀ ತೆಗೆದು ಬ್ಯಾರಿಯ ಎದುರು ಹಿಡಿದರು. “ತಪ್ಪಾಯ್ತು ಅದ್ರಾಮ. ತೆಕ್ಕೊ.”

“ಮನೆ ತನಕ ಬಿಟ್ಟು ಬರ್ತೇನೆ ಮುದಲಾಳಿ. ಅಮ್ಮನಿಗೂ ಹೇಳಿ ಬರಬೇಕು. ನಾಳೆಯಿಂದ ಬೇರೆ ಜನ ನೋಡಿ.”

“ಕೆಲಸ ಬಿಟ್ಟು ಎಂತ ಮಾಡ್ತಿ ಮಾರಾಯ?”

“ಗೊತ್ತಿಲ್ಲ. ಆದರೆ ಇನ್ನು ಒಂದು ನಟ್ಟು ಸಡಿಲಾದರೂ ನೀವು ಮೊದಲು ನನ್ನ ಮುಖ ನೋಡ್ತೀರಿ. ನಾನೂ ನಿಮ್ಮ ಮುಖ ನೋಡ್ತೇನೆ. ಹಾಗೆ ಗಾಡಿ ಓಡಿಸ್ಲಿಕ್ಕೆ ಆಗುದಿಲ್ಲ.”

ಯಾವತ್ತೂ ಹಿಂದಿನ ಸೀಟಿನಲ್ಲಿ ಕೂರುವ ಚೇಟ ಅಂದು ಮುಂದೆ, ಬ್ಯಾರಿಯ ಪಕ್ಕದಲ್ಲಿ ಕುಳಿತರು. ಕಾರು ಸದ್ದಿಲ್ಲದೆ ತಿರುಗಿ ರಸ್ತೆಗೆ ಇಳಿಯಿತು. ಕೆಲವು ಕಾಲ ಕೆಲಸವಿಲ್ಲದೆ ಕಷ್ಟಪಟ್ಟ ಬ್ಯಾರಿ ಆಮೇಲೆ ಉಪ್ಪಿನಂಗಡಿ ಲೈನಿನಲ್ಲಿ ಜೀಪು ಓಡಿಸಿದರು. ಚೇಟನ ಕಾರಿನ ಪಂಪು ಮತ್ತೆ ಕೆಡಲಿಲ್ಲ.

ಮಕ್ಕಳೇ, ಗ್ಯಾರೇಜಿನಲ್ಲಿ ಕೂತು ನಾನು ಕಲಿತದ್ದು ಇಷ್ಟು. ಕೆಟ್ಟದ್ದು ಯಾಕೆ ಎಂದು ಗೊತ್ತಾದರೆ ಯಂತ್ರವನ್ನು ಎಷ್ಟು ತಡವಾದರೂ ಸರಿ ಮಾಡಬಹುದು. ಅಷ್ಟರೊಳಗೆ ಒಬ್ಬರ ಮೇಲೆ ತಪ್ಪು ಹೊರಿಸಿಬಿಟ್ಟರೆ, ನಿಜ ಗೊತ್ತಾದ ಮೇಲೂ ಅವರು ಹೊರಟುಹೋಗಬಹುದು. ಅದಕ್ಕೇ, ಯಾರು ಮಾಡಿದ್ದು ಎಂದು ಕೇಳುವ ಮೊದಲು ಬಿಚ್ಚಿ ನೋಡಿ.