ಎರಡು ಸ್ಪ್ರಿಂಗಿನ ನಾಜಲ್

ನನ್ನ ಭಾವನಿಗೆ ನಾಜಲ್ ಮೇಷ್ಟ್ರು ಎಂದು ಹೆಸರಿಟ್ಟವರು ಲಾರಿ ಡ್ರೈವರುಗಳು. ಡೀಸೆಲ್ ಇಂಜಿನ್ನಿನ ಒಳಗೆ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸುವ ಬೆರಳುದ್ದದ ಸಾಮಾನು ಈ ನಾಜಲ್. ಅದನ್ನು ಬಿಚ್ಚಿ, ತೊಳೆದು, ಸರಿಮಾಡುವುದು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಲೋಕವೇ ಇರಲಿಲ್ಲ. ಕಿಟಕಿಯಿಲ್ಲದ ಒಂದು ಕೋಣೆ, ತಗಡಿನ ಬಾಗಿಲು, ಸೀಮೆಎಣ್ಣೆ ತುಂಬಿದ ತಟ್ಟೆ, ಮೇಜಿಗೆ ಬಿಗಿದ ಕೈಪಂಪು. ಇಪ್ಪತ್ತೆರಡು ವರ್ಷ ಅಲ್ಲೇ ಅವರ ಜೊತೆ ದುಡಿದವನು ನಾನು. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ, 'ಅವಸರ' ಎಂದೇ ಕರೆಯುತ್ತಿದ್ದರು. ಸುಳ್ಳೇನಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ, ತಾಳ್ಮೆ ಎಂಬುದು ನನ್ನ ಹತ್ತಿರ ಸುಳಿದದ್ದಿಲ್ಲ.

ನಾಜಲನ್ನು ಕೈಪಂಪಿಗೆ ಸಿಕ್ಕಿಸಿ ಹಿಡಿ ಒತ್ತಿದರೆ ಎಣ್ಣೆ ಚರ್ರೆಂದು ಚಿಮ್ಮಬೇಕು, ನಿಲ್ಲಿಸಿದ ಕೂಡಲೇ ತುದಿ ಒಣಗಿರಬೇಕು. ತುದಿಯಲ್ಲಿ ಹನಿ ನಿಂತಿತೋ, ನಾಜಲ್ ಕೆಟ್ಟಿದೆ ಎಂದೇ ಅರ್ಥ. ಬೇರೆ ಕಡೆ ಅದಕ್ಕೆ ಕಾಗದ ಒತ್ತಿ ನೋಡುತ್ತಾರೆ. ನಮ್ಮಲ್ಲಿ ಪಂಪಿನ ಹಿಡಿ ಒತ್ತುವುದು ನಾನು, ತೋರುಬೆರಳಿನಿಂದ ಒರೆಸಿ ನೋಡುವುದು ಭಾವ. ನಾನು ಕಾಗದದ ಮಾತೆತ್ತಿದರೆ, "ಕಾಗದಕ್ಕೆ ಏನು ಗೊತ್ತಾಗುತ್ತಪ್ಪಾ" ಎಂದು ನಗುತ್ತಿದ್ದರು.

ಅಕ್ಕ, ಭಾವ, ನಾನು ಇದ್ದ ಮನೆಯ ಗೋಡೆಗೆ ಗೋಡೆ ಹತ್ತಿಕೊಂಡೇ ಹಿಟ್ಟಿನ ಗಿರಣಿ. ಅದರ ಇಂಜಿನ್ ಬೆಳಿಗ್ಗೆ ಏಳಕ್ಕೆ ಶುರುವಾದರೆ ಸಂಜೆ ಆರರವರೆಗೂ ಠಣ್ ಠಣ್ ಎಂದು ಕುಟ್ಟುತ್ತಿತ್ತು. ಅಕ್ಕನಿಗೆ ತಲೆನೋವು. ಸುಮ್ಮನೆ ತಲೆನೋವಲ್ಲ, ಒಂದೊಂದು ಏಟಿಗೂ ಕಣ್ಣಿನ ಹಿಂದೆ ಯಾರೋ ಮೊಳೆ ಹೊಡೆಯುತ್ತಾರೆ ಅನ್ನುತ್ತಿದ್ದಳು. ಹಣೆಗೆ ಬಟ್ಟೆ ಬಿಗಿದುಕೊಂಡು ಗೋಡೆಗೆ ಬೆನ್ನು ಹಾಕಿ ಮಲಗುತ್ತಿದ್ದಳು. ಬೇರೆ ಮನೆ ಹಿಡಿಯುವ ಶಕ್ತಿ ನಮಗಿರಲಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಅವಳು ನರಳುವುದನ್ನು ನೋಡಿದರೆ ನನಗೆ ಗಿರಣಿಯನ್ನೇ ಪುಡಿ ಮಾಡಬೇಕು ಅನಿಸುತ್ತಿತ್ತು.

ಭಾವ ಪುಡಿ ಮಾಡಲಿಲ್ಲ, ಯೋಚನೆ ಮಾಡಿದರು.

"ಎಣ್ಣೆ ಎಲ್ಲಾ ಒಂದೇ ಸಲ ಒಳಗೆ ಬೀಳುತ್ತೆ. ಅಷ್ಟೂ ಒಟ್ಟಿಗೆ ಹೊತ್ಕೊಳುತ್ತೆ. ಅದಕ್ಕೇ ಈ ಏಟು. ಮೊದಲು ಒಂಚೂರು ಬಿಟ್ಟು, ಅದು ಹೊತ್ಕೊಂಡ ಮೇಲೆ ಉಳಿದಿದ್ದು ಬಿಟ್ರೆ?"

"ಬಿಡೋದು ಹೇಗೆ ಭಾವ?"

"ಎರಡು ಸ್ಪ್ರಿಂಗು. ಒಂದು ಮೆದು, ಒಂದು ಬಿಗಿ. ಮೆದುವಿನದ್ದು ಮೊದಲು ನಾಜಲಿನ ಬಾಯಿ ಒಂಚೂರು ತೆಗೀಲಿ."

ದೊಡ್ಡ ಕಾರ್ಖಾನೆಗಳಲ್ಲಿ ಇಂಥದ್ದನ್ನೆಲ್ಲ ಓದಿದವರು ಎಂದೋ ಮಾಡಿರಬಹುದು. ನಮಗೆ ಯಾರು ಹೇಳಬೇಕು? ಭಾವ ಮೂರು ವರ್ಷ ಹಳೆಯ ನಾಜಲ್‌ಗಳನ್ನು ಕೊಯ್ದು, ಕೂದಲೆಳೆಯಷ್ಟು ದಪ್ಪದ ತಗಡು ಇಟ್ಟು, ತೆಗೆದು, ಮತ್ತೆ ಇಟ್ಟರು. ಕೆಟ್ಟದ್ದು ಒಂದು ಡಬ್ಬಿ ತುಂಬಾ ಆಯಿತು. "ಇದ್ಯಾಕೆ ಈ ಹುಚ್ಚು" ಎಂದು ಅಕ್ಕ ದಿನಾ ಗೊಣಗುತ್ತಿದ್ದಳು.

ಕೊನೆಗೆ ಒಂದು ಮಧ್ಯಾಹ್ನ ಅದು ಕೆಲಸ ಮಾಡಿತು. ಒತ್ತಿದೆ; ಮೊದಲು ಸಣ್ಣಗೆ ಉಸಿರು ಬಿಟ್ಟ ಹಾಗೆ ಒಂದು ಚಿಮ್ಮು, ಹಿಂದೆಯೇ ಪೂರ್ತಿ ಎಣ್ಣೆ. ಭಾವನ ಮುಖ ಅರಳಿತು. ತುದಿ ಒರೆಸಲು ಬೆರಳಿಟ್ಟರು. ನನಗೆ ಇನ್ನೊಮ್ಮೆ ನೋಡುವ ಆಸೆ. ಅವರು ಬೆರಳು ತೆಗೆಯುವವರೆಗೆ ಕಾಯಲಿಲ್ಲ. ಒತ್ತಿಬಿಟ್ಟೆ.

ಸೂಜಿ ಚುಚ್ಚಿದಷ್ಟೇ ಗಾಯ. ರಕ್ತ ಕೂಡ ಬರಲಿಲ್ಲ. ನಮ್ಮ ಕಸುಬಿನವರಿಗೆ ಎಣ್ಣೆ ಮೈಗೆ ತಾಗುವುದು ನೀರು ತಾಗಿದಷ್ಟೇ ಮಾಮೂಲು. ಭಾವ ಬೆರಳು ಚೀಪಿ, "ಏನಿಲ್ಲ, ಕೆಲಸ ಮುಗಿಸೋಣ" ಅಂದರು. "ನಾಳೆ ನೋಡೋಣ ಬಿಡಿ" ಎಂದು ನಾನೂ ಅಂದೆ. ಬೆಳಿಗ್ಗೆ ಬೆರಳು ಊದಿ ಬೆಳ್ಳಗಾಗಿತ್ತು, ಅಂಗೈ ಕಲ್ಲಿನಂತೆ ಗಟ್ಟಿಯಾಗಿತ್ತು. ಆಸ್ಪತ್ರೆಯ ಡಾಕ್ಟರು ನಮ್ಮಿಬ್ಬರಿಗೂ ಛೀಮಾರಿ ಹಾಕಿದರು. "ಹೊರಗೆ ಕಾಣೋದು ಸಣ್ಣ ತೂತು ಅಷ್ಟೇ. ಒಳಗೆ ಡೀಸೆಲ್ ಅಂಗೈತನಕ ಹರಡಿದೆ. ನಿನ್ನೇನೇ ಯಾಕೆ ಬರಲಿಲ್ಲ? ಹಿಡಿ ಒತ್ತಿದ್ದು ಯಾರು?"

ಅಕ್ಕ ಪಕ್ಕದಲ್ಲೇ ನಿಂತಿದ್ದಳು.

"ನಾನೇ ಒತ್ಕೊಂಡೆ ಸಾರ್. ಎಡಗೈಲಿ" ಅಂದರು ಭಾವ.

ಬಲಗೈಯ ಎರಡು ಬೆರಳು ಹೋದವು, ಒರೆಸುವ ಬೆರಳೂ ಅದರ ಪಕ್ಕದ್ದೂ.

ಗಾಯ ಮಾಗಿದ ಮೇಲೆ ಭಾವ ಸ್ಟೂಲಿನ ಮೇಲೆ ಕುಳಿತು ಹೇಳಿಕೊಟ್ಟರು, ನಾನು ಜೋಡಿಸಿದೆ. ಬಿಟ್ಟಿ ಕೆಲಸವೆಂದು ಗಿರಣಿಯವನೂ ಅದನ್ನು ತನ್ನ ಇಂಜಿನ್ನಿಗೆ ಹಾಕಿಸಿಕೊಳ್ಳಲು ಒಪ್ಪಿದ. ಇಂಜಿನ್ ಶುರು ಮಾಡಿದಾಗ ನನಗೇ ನಂಬಿಕೆ ಬರಲಿಲ್ಲ. ಆ ಠಣ್ ಠಣ್ ಇಲ್ಲ. ಹೊಗೆಕೊಳವೆಯ ಮೆತ್ತನೆಯ ಪುಕ್ ಪುಕ್ ಮಾತ್ರ. ಮನೆಗೆ ಓಡಿ ನೋಡಿದರೆ ಅಕ್ಕ ಹಣೆಯ ಬಟ್ಟೆ ಬಿಚ್ಚಿಟ್ಟು ಬಾಯಿ ತೆರೆದು ನಿದ್ದೆ ಹೋಗಿದ್ದಳು. ಭಾವ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಸದ್ದಾಗದಂತೆ ನೆಲದ ಮೇಲೆ ಕುಳಿತರು. ಅಷ್ಟು ಸಂತೋಷ ಆ ಮನೆಯಲ್ಲಿ ನಾನು ಕಂಡಿರಲಿಲ್ಲ.

ಎಂಟು ದಿನ. ಒಂಬತ್ತನೆಯ ದಿನ ಗಿರಣಿಯವನು ನಾಜಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಕೋಣೆಗೆ ಬಂದ.

"ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ಇಂಜಿನ್ ಚೆನ್ನಾಗೇ ಓಡುತ್ತೆ. ಆದ್ರೆ ಜನ ಸದ್ದು ಕೇಳ್ಕೊಂಡು ಬರೋರು. ಈಗ ಸದ್ದಿಲ್ಲ, ಮುಚ್ಚಿದೆ ಅಂದ್ಕೊಂಡು ಆಚೆ ಬೀದಿಗೆ ಹೋಗ್ತಿದ್ದಾರೆ. ಹಳೇದೇ ಹಾಕಿಸ್ಕೊಂಡೆ."

"ಒಂದು ಗಂಟೆ ಕಟ್ಕೊಳೋಕೆ ಆಗಲ್ವೇನ್ರೀ ನಿಮಗೆ?" ನಾನು ಎಗರಾಡಿದೆ. ಅವನು ಗಂಟೆ ಬಾರಿಸಲು ಆಳಿಲ್ಲ ಎಂದ. ಇನ್ನೂ ಏನೇನೋ ಬಾಯಿಗೆ ಬಂದಿತ್ತು; ಭಾವ ನನ್ನ ಭುಜ ಒತ್ತಿ ಹಿಡಿದರು. ಬಟ್ಟೆ ಬಿಚ್ಚಿ, ನಾಜಲನ್ನು ತಿರುಗಿಸಿ ನೋಡಿ, ಹಲಗೆಯ ಮೇಲಿಟ್ಟರು.

ಮಧ್ಯಾಹ್ನ ಊಟಕ್ಕೆ ಹೋದಾಗ ಗೋಡೆ ಮತ್ತೆ ಅದುರುತ್ತಿತ್ತು. ಅಕ್ಕನ ಹಣೆಯಲ್ಲಿ ಬಟ್ಟೆ.

"ಯಾಕೆ ಮತ್ತೆ ಶುರುವಾಯ್ತು?"

"ಸ್ಪ್ರಿಂಗ್ ಮುರೀತು ಕಣೇ. ನನ್ನ ಲೆಕ್ಕಾನೇ ತಪ್ಪಿತ್ತು" ಅಂದರು ಭಾವ.

"ಅಷ್ಟು ಬಡ್ಕೊಂಡೆ, ಬೇಡ ಬೇಡ ಅಂತ. ಎರಡು ಬೆರಳೂ ಹೋಯ್ತು, ಮಾಡಿದ್ದೂ ದಂಡ ಆಯ್ತು."

ಭಾವ ತಲೆಯಾಡಿಸಿ ಎಡಗೈಯಲ್ಲಿ ಅನ್ನ ಕಲಸಿದರು. ನನಗೆ ಊಟ ಇಳಿಯಲಿಲ್ಲ. ಹೊರಗೆ ಬಂದವನೇ ಕೇಳಿದೆ, "ಸುಳ್ಳು ಯಾಕೆ ಹೇಳಿದ್ರಿ?"

"ನಿಜ ಹೇಳಿದ್ರೆ ಆ ಸದ್ದು ಕೇಳಿದಾಗೆಲ್ಲ ಅವಳಿಗೆ ಗಿರಣಿಯವನ ಮೇಲೆ ಸಿಟ್ಟು ಬರುತ್ತೆ ಅವಸರ. ತಲೆನೋವೇ ಸಾಕಲ್ವಾ?"

ಆಸ್ಪತ್ರೆಯಲ್ಲಿ 'ನಾನೇ ಒತ್ಕೊಂಡೆ' ಅಂದ ಅದೇ ದನಿ. ಒಳಗೆ ಹೋಗಿ ಎರಡೂ ನಿಜವನ್ನು ಹೇಳಿಬಿಡಬೇಕು ಎಂದು ಹೊಸ್ತಿಲವರೆಗೂ ಹೋದೆ. ಅಕ್ಕ ಗೋಡೆಗೆ ಬೆನ್ನು ಹಾಕಿ ಮಲಗಿದ್ದಳು. ಹೇಳುವ ಧೈರ್ಯ ಬರಲಿಲ್ಲ. ತನ್ನ ಗಂಡ ಮಾಡಿದ್ದು ಎಂಟು ದಿನಕ್ಕೇ ಮುರಿಯಿತು ಎಂದೇ ಅವಳು ಇವತ್ತಿಗೂ ತಿಳಿದುಕೊಂಡಿದ್ದಾಳೆ.