ಪೂಜೆಗೆ ನಿಂತ ಫಟಫಟಿ

ಹುಣಸೆಹುಳಿಯಲ್ಲಿ ನೆನೆದ ತುಕ್ಕಿಗೆ ಒಂದು ವಾಸನೆ ಇದೆ. ಹುಳಿ, ಕಬ್ಬಿಣ, ಜೊತೆಗೆ ಒಂದಿಷ್ಟು ಸೀಮೆಎಣ್ಣೆ. ಉಗುರಿನ ಸಂದಿಯಲ್ಲಿ ಕೂತರೆ ಸಾಬೂನಿಗೂ ಬಗ್ಗುವುದಿಲ್ಲ. ಈ ಬೇಸಿಗೆ ಪೂರ್ತಿ ಕಲಬುರಗಿಯ ನಮ್ಮ ಮನೆಯ ಹಿತ್ತಲಲ್ಲಿ ಅದೇ ವಾಸನೆ ತುಂಬಿತ್ತು. ಅಪ್ಪನ ಹಳೆಯ ಮೋಟಾರು ಗಾಡಿಯ ಹ್ಯಾಂಡಲ್ಲು, ಚೈನಿನ ಕವರು, ಬ್ರೇಕಿನ ಕಡ್ಡಿಗಳೆಲ್ಲ ಬಕೆಟ್ಟಿನಲ್ಲಿ ನೆನೆಯುತ್ತಿದ್ದವು. ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು, ಸೆರಗು ಸಿಗಿಸಿ, ತಂತಿ ಬ್ರಷ್ಷು ಹಿಡಿದು ಕೂಡುತ್ತಿದ್ದೆ. ಉಜ್ಜಿದಷ್ಟೂ ಕಂದು ನೀರು ಇಳಿಯುತ್ತಿತ್ತು, ನನಗೆ ಸಿಟ್ಟು ಏರುತ್ತಿತ್ತು. ವಯಸ್ಸಾಗಿ ಬಂದ ತುಕ್ಕಾದರೆ ಕ್ಷಮಿಸಬಹುದಿತ್ತು. ಇದು ಮನುಷ್ಯರು ಮಾಡಿಟ್ಟ ತುಕ್ಕು. ಈ ಗಾಡಿಯನ್ನು ಹಾಳು ಮಾಡಿದವನು ಯಾರೆಂದು ನನಗೆ ಹದಿನಾರನೆಯ ವಯಸ್ಸಿನಿಂದ ಗೊತ್ತಿತ್ತು. ಅವನು ಇರಲಿ ಬಿಡಲಿ, ಅದನ್ನು ಮತ್ತೆ ಓಡಿಸಿ ಅವನ ಮಾತನ್ನು ಸುಳ್ಳು ಮಾಡಬೇಕೆಂಬುದೇ ನನ್ನ ಹಟವಾಗಿತ್ತು.

ನಾನು ಬೆಳೆದ ಕಮಲಾಪುರದ ಮನೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಫರಸಿಕಲ್ಲು ಹಾಸಿದ ಅಂಗಳ, ಬಲಕ್ಕೆ ತಗಡಿನ ಚಪ್ಪರ, ಅದರ ಕೆಳಗೆ ಎರಡು ಸೈಲೆನ್ಸರಿನ ಆ ಗಾಡಿ. ಊರವರ ಬಾಯಲ್ಲಿ ಅದು ಫಟಫಟಿ. ಅಪ್ಪ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ. ಬೆಳಗಾದರೆ ಔಷಧಿಯ ಡಬ್ಬಿ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗುತ್ತಿದ್ದ. ಸಂಜೆ ಓಣಿಯ ತಿರುವಿನಲ್ಲಿ ಫಟಫಟಿ ಗುಡುಗಿದ ಕೂಡಲೇ ಅವ್ವ ಒಲೆಯ ಮೇಲೆ ಹಂಚಿಡುತ್ತಿದ್ದಳು. ಅವನು ಕೈಕಾಲು ತೊಳೆದು ಬರುವಷ್ಟರಲ್ಲಿ ಮೊದಲನೆಯ ರೊಟ್ಟಿ ಉಬ್ಬಿರುತ್ತಿತ್ತು. ಎಮ್ಮೆ ಬದುಕಿದ ಖುಷಿಗೆ ಯಾರೋ ರೈತರು ಕಟ್ಟಿ ಕಳಿಸಿದ ಕೆಂಪು ಬಾಳೆಯ ಚಿಪ್ಪು ಹ್ಯಾಂಡಲ್ಲಿಗೆ ತೂಗುತ್ತಿರುತ್ತಿತ್ತು. ಇವತ್ತಿಗೂ ಕೆಂಪು ಬಾಳೆಹಣ್ಣು ಸುಲಿದರೆ ನನ್ನ ಮೂಗಿಗೆ ಪೆಟ್ರೋಲು ಬರುತ್ತದೆ. ನಿಮಗೂ ಇಂಥದ್ದೊಂದು ಹಣ್ಣು ಇದ್ದೀತು, ತಿಂದರೆ ಮನೆಯೇ ಬಾಯಿಗೆ ಬರುವಂಥದ್ದು.

ರವಿವಾರ ಬಂತೆಂದರೆ ಅಪ್ಪ ಹಳೆಯ ಗೋಣಿತಟ್ಟು ಹಾಸಿ ಗಾಡಿ ಬಿಚ್ಚುತ್ತಿದ್ದ. ನಾನು ನಟ್ಟು ಬಿಚ್ಚುವ ಪಾನೆಗಳನ್ನು ಸಾಲಾಗಿ ಇಟ್ಟುಕೊಂಡು ಕೂಡುತ್ತಿದ್ದೆ. ಹತ್ತರ ಪಾನೆ ಬೇಕೋ ಹನ್ನೆರಡರದು ಬೇಕೋ ಎಂದು ಅವನು ಕೈ ಚಾಚುವ ರೀತಿಯಿಂದಲೇ ತಿಳಿಯುತ್ತಿತ್ತು. ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗು ಬಿಚ್ಚಿದರೆ ಆ ತೂತಿಗೆ ತಕ್ಷಣ ಅರಿವೆಯ ಬೆಣೆ ಸಿಗಿಸುತ್ತಿದ್ದ. "ಎಂಜಿನ್ ಬಾಯಿ ತೆರೆದಿಡಬಾರದವ್ವ, ಒಂದು ಹನಿ ನೀರು ಹೋದ್ರೂ ಒಳಗ ಹುಣ್ಣಾಗ್ತದ" ಅನ್ನುತ್ತಿದ್ದ. ನಾನು ಕಲಿತೆ. ಮನೆಯಲ್ಲಿ ಉಳಿದವರಾರೂ ಕಲಿಯಲಿಲ್ಲ. ನನಗೆ ಹದಿಮೂರಾಗಿದ್ದಾಗ ಅಪ್ಪನಿಗೆ ಕಾಮಾಲೆ ಆಯಿತು. ಬೇರು ತಿನ್ನಿಸಿದರು, ಎಲೆಯ ರಸ ಕುಡಿಸಿದರು, ಕಡೆಗೆ ದೊಡ್ಡ ದವಾಖಾನೆಗೆ ಒಯ್ಯುವಷ್ಟರಲ್ಲಿ ಹೊತ್ತು ಮೀರಿತ್ತು. ಆ ಸಿಟ್ಟೂ ನನ್ನಲ್ಲಿ ಇನ್ನೂ ಆರಿಲ್ಲ.

ಅಪ್ಪ ಹೋದ ಮೇಲೆ ಗಾಡಿ ದೇವರಾಯಿತು. ಮನೆಯ ಯಜಮಾನಿಕೆ ಅಪ್ಪನ ಅಣ್ಣನದು, ನಮ್ಮ ದೊಡ್ಡಪ್ಪನದು. ಅವನಿಗೆ ಸೈಕಲ್ಲೂ ಬರುತ್ತಿರಲಿಲ್ಲ. "ನನ್ನ ತಮ್ಮನ ಗಾಡಿ, ಯಾರೂ ಹತ್ತಬ್ಯಾಡ್ರಿ" ಎಂದು ಅಪ್ಪಣೆ ಕೊಟ್ಟ. ಮಹಾನವಮಿಯ ಖಂಡೇಪೂಜೆಗೆ ಕುಡಗೋಲು, ಕೊಡಲಿಗಳ ಜೊತೆ ಅದಕ್ಕೂ ಪೂಜೆ. ಅವ್ವ ಕೊಡಗಟ್ಟಲೆ ನೀರು ಸುರಿದು ತೊಳೆದು, ಎಂಜಿನ್ನಿಗೆ ವಿಭೂತಿ ಬಳಿದು, ಕುಂಕುಮ ಹಚ್ಚುತ್ತಿದ್ದಳು; ದೊಡ್ಡಪ್ಪ ಅದರ ಮೇಲೆಯೇ ಕಾಯಿ ಒಡೆಯುತ್ತಿದ್ದ. ಆದರೂ ನಾನು ಕದ್ದು ಎಣ್ಣೆ ಬಿಡುತ್ತಿದ್ದೆ, ವಾರಕ್ಕೊಮ್ಮೆ ಕಿಕ್ ಹೊಡೆದು ಚಾಲೂ ಮಾಡಿಡುತ್ತಿದ್ದೆ. ಹದಿನಾರರಲ್ಲಿ ಒಂದು ಸಂತೆಯ ದಿನ ಧೈರ್ಯ ಬಂತು. ಲಂಗ ಎತ್ತಿಕಟ್ಟಿ, ಗಾಡಿ ಹತ್ತಿ, ಸಂತೆಯ ನಡುವೆ ಹಾದು ಹೈವೇ ತನಕ ಹೊಡೆದುಕೊಂಡು ಹೋಗಿ ಬಂದೆ. ಎಷ್ಟು ಸಂತೋಷವಾಗಿತ್ತೆಂದರೆ ದಾರಿಯುದ್ದಕ್ಕೂ ನಕ್ಕು ಹಲ್ಲೊಳಗೆಲ್ಲ ಧೂಳು ತುಂಬಿತ್ತು. ಅಂಗಳದಲ್ಲಿ ದೊಡ್ಡಪ್ಪ ನಿಂತಿದ್ದ. ಓಣಿಯ ಮಂದಿಯ ಮುಂದೆಯೇ ಅಂದ, "ಹೆಣ್ಣುಹುಡುಗಿ ಫಟಫಟಿ ಹೊಡೆದ್ರ ಊರು ಏನ್ ಅಂತದ? ಇನ್ನ ಮುಂದ ಈ ಗಾಡಿ ಹ್ಯಾಂಗ ಚಾಲೂ ಆಗ್ತದ ನೋಡ್ತೀನಿ." ಮರುದಿನ ಬೆಳಿಗ್ಗೆ ನೋಡಿದರೆ ಎಂಜಿನ್ನಿನ ಮೇಲಿದ್ದ ಪ್ಲಗ್ಗು ಮಾಯವಾಗಿತ್ತು, ಚಪ್ಪರದ ಸುತ್ತ ಮುಳ್ಳುತಂತಿ ಸುತ್ತಿ ಬೀಗ ಜಡಿದಿತ್ತು. "ಕಳ್ಳ!" ಎಂದು ದೊಡ್ಡಪ್ಪನ ಎದುರಿಗೇ ಕಿರುಚಿದೆ. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ; ಕೋಲು ತೆಗೆದುಕೊಂಡು ಹೊಲಕ್ಕೆ ಹೋದ.

ಅಂದಿನಿಂದ ಅವನ ಜೊತೆ ಮಾತು ಬಿಟ್ಟೆ. ಒಂದು ವರ್ಷವಲ್ಲ, ಎರಡು ವರ್ಷವಲ್ಲ. ದಸರೆಯ ಸಂಜೆ ವೈರಿಗಳೂ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅನ್ನುವ ಊರು ನಮ್ಮದು. ಅವನು ಬನ್ನಿ ಹಿಡಿದು ಬಂದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಖಂಡೇಪೂಜೆಯ ದಿನ ಬೀಗ ತೆಗೆದಾಗ ಆ ಬಾಯಿ ತೆರೆದ ಎಂಜಿನ್ನಿಗೆ ಕೊಡದ ನೀರು ಬೀಳುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಗೊತ್ತಿದ್ದೂ ಒಂದು ಅರಿವೆಯ ಬೆಣೆ ಸಿಗಿಸಲಿಲ್ಲ. ಹಾಳಾಗಲಿ, ಅವನ ಕಣ್ಣೆದುರಿಗೇ ಹಾಳಾಗಲಿ ಎಂದುಕೊಂಡೆ. ನನಗೆ ನೌಕರಿ ಸಿಕ್ಕು ಅವ್ವನನ್ನು ಕಲಬುರಗಿಗೆ ಕರೆತಂದ ಮೇಲೂ ಅವಳು ಪ್ರತಿ ಮಹಾನವಮಿಗೆ ಬಸ್ಸು ಹತ್ತಿ ಹೋಗಿ ಗಾಡಿ ತೊಳೆದು ಬರುತ್ತಿದ್ದಳು. ಹೋದ ವರ್ಷ ದೊಡ್ಡಪ್ಪ ತೀರಿಕೊಂಡ. ಅವನ ಮಕ್ಕಳು ಮನೆ ಕೆಡವಿ ಅಂಗಡಿ ಸಾಲು ಎಬ್ಬಿಸಲು ಹೊರಟರು. ಪಡಸಾಲೆ, ಒಲೆ, ಫರಸಿ, ಎಲ್ಲ ಒಂದೇ ವಾರದಲ್ಲಿ ಮಣ್ಣುಗುಡ್ಡೆಯಾಯಿತು. ಗಾಡಿಯನ್ನು ಗುಜರಿಗೆ ಹಾಕುವ ಮೊದಲು ನಾನು ಟಂಟಂ ಆಟೋದಲ್ಲಿ ಹೇರಿಕೊಂಡು ತಂದೆ.

ನೆಹರು ಗಂಜಿನ ಹತ್ತಿರದ ಮುದುಕ ಮಿಸ್ತ್ರಿಯನ್ನು ಮನೆಗೆ ಕರೆಸಿದೆ. ಅವನು ಕಿಕ್ಕಿನ ಮೇಲೆ ನಿಂತರೂ ಅದು ಕದಲಲಿಲ್ಲ. "ಪಿಸ್ಟನ್ ಜಾಮ್ ಆಗ್ಯಾದ್ರಿ ಮೇಡಂ, ಕಾಮ್ ತಮಾಮ್, ಮುಗೀತು. ಶೋಕಿಗಿ ಬಣ್ಣ ಹಚ್ಚಿ ಬಾಗಿಲ ಮುಂದ ನಿಲ್ಲಸ್ರಿ" ಅಂದ. ಮತ್ತೆ ಪೂಜೆಗೆ ನಿಲ್ಲಿಸುವ ಮಾತು! ಮೈ ಉರಿದುಹೋಯಿತು. ಅವನನ್ನು ಕಳಿಸಿ ನಾನೇ ಪ್ಲಗ್ಗಿನ ತೂತಿನೊಳಗೆ ಡೀಸೆಲ್ಲು ಸುರಿದೆ. ಎಂಟು ದಿನ ನೆನೆಸಿದೆ. ಒಂಬತ್ತನೆಯ ದಿನ ನಾಲ್ಕು ನಟ್ಟು ಬಿಚ್ಚಿ ಸಿಲಿಂಡರಿನ ಮೇಲಿನ ಮುಚ್ಚಳ ಎತ್ತಿದೆ. ಪಿಸ್ಟನ್ನಿನ ತಲೆಯ ಮೇಲೆ ಬೆರಳು ದಪ್ಪದ ಹೆಕ್ಕಳ ಕಟ್ಟಿತ್ತು: ಕಂದು ತುಕ್ಕು, ಅದರ ನಡುವೆ ಬಿಳಿ ವಿಭೂತಿ, ಅಲ್ಲಲ್ಲಿ ಇನ್ನೂ ಕೆಂಪಗೆ ಕುಂಕುಮ.

ಅವ್ವ ಬಿಸಿಲಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದವಳು ಎದ್ದು ಬಂದು ಬಗ್ಗಿ ನೋಡಿದಳು. ಬೆರಳಿಂದ ಆ ಕುಂಕುಮ ಮುಟ್ಟಿದಳು.

"ಈ ತೂತಿನಾಗಿಂದ ನೀರು ಒಳಗ ಹೋಗ್ತಿತ್ತೇನು ಮಾದೇವಿ?"

"ಮತ್ತ? ನಿಮ್ಮ ಭಾವ ಪ್ಲಗ್ ಕಿತ್ತು ಬಾಯಿ ತೆರೆದಿಟ್ಟಿದ್ನಲ್ಲ!"

ಅವ್ವ ಅಲ್ಲೇ ಕಟ್ಟೆಯ ಮೇಲೆ ಕುಕ್ಕರಿಸಿದಳು. "ಅವರಲ್ಲ. ಪ್ಲಗ್ ತೆಗೆದಾಕಿ ನಾನು. ನಿಮ್ಮಪ್ಪ ತೆಗೆಯೋದು ವಾರಾ ವಾರಾ ನೋಡಿದ್ದೆನಲ್ಲ. ಲಾರಿ ಓಡಾಡೋ ಹೈವೇಕ ನೀ ಹೋಗಿ ಬಂದಿ ಅಂತ ಕೇಳಿ ನನ್ನ ಜೀವ ಹಾರಿಹೋಗಿತ್ತು. ಇದ್ದದ್ದೊಂದು ಕೂಸು. ತೆಗೆದು ಬಾವಿಗಿ ಒಗೆದೆ."

"ಮತ್ತ ಅವನ್ಯಾಕ ಸುಮ್ಮನಿದ್ದ?"

"ನಾನೇ ಹೋಗಿ ಹೇಳಿದ್ದೆ. 'ತಂದಿ ಇಲ್ಲದ ಹುಡುಗಿ, ತಾಯಿ ಮ್ಯಾಲ ಸಿಟ್ಟಾದ್ರ ಎಲ್ಲಿ ಹೋಗ್ತದ? ನನ್ನ ಮ್ಯಾಲ ಇರ್ಲಿ' ಅಂದ್ರು. ಕಡೀಗಿ ನನಗೂ ಹೇಳಾಕ ಬಾಯಿ ಬರಲಿಲ್ಲ. ನೀ ನನ್ನ ಜೋಡಿನೂ ಮಾತು ಬಿಟ್ರ?"

ಕೂಗಾಡಿದೆ. ಅವ್ವನ ಮೇಲೆ, ಬಕೆಟ್ಟಿನ ಮೇಲೆ, ಬ್ರಷ್ಷಿನ ಮೇಲೆ. ಮಂದಿಯ ಮುಂದೆ ನನ್ನನ್ನು ಬೈದದ್ದು, ಬೀಗ ಜಡಿದದ್ದು ಸುಳ್ಳಲ್ಲ. ಅದಕ್ಕೆ ಅವನನ್ನು ಇವತ್ತಿಗೂ ಕ್ಷಮಿಸಲಾರೆ. ಆದರೆ ನನ್ನ ಸಿಟ್ಟಿನ ಮುಕ್ಕಾಲು ಪಾಲನ್ನು ಅವನು ಸುಮ್ಮನೆ ಹೊತ್ತು ತಿರುಗಿದ್ದ. ಹೇಳಿದ್ದರೆ ಏನಾಗುತ್ತಿತ್ತು? ನಾಲ್ಕು ದಿನ ಅವ್ವನ ಜೊತೆ ಜಗಳವಾಡಿ ಐದನೆಯ ದಿನ ಅವಳ ಕೈಯ ರೊಟ್ಟಿ ತಿನ್ನುತ್ತಿದ್ದೆ. ದೊಡ್ಡವರ ಈ ದೊಡ್ಡತನಕ್ಕೆ ಬೆಂಕಿ ಹಾಕ!

ತುಕ್ಕು ತಿಂದ ಸಿಲಿಂಡರಿನ ಒಳಮೈ ಕೊರೆಸಲು ವರ್ಕ್‌ಶಾಪಿಗೆ ಕೊಟ್ಟಿದ್ದೇನೆ, ಆದೀತು ಎಂದಿದ್ದಾರೆ. ಮಳೆಗಾಲದೊಳಗೆ ಗಾಡಿ ಓಡಲೂಬಹುದು. ಯಾರೆದುರು ಓಡಿಸಿ ತೋರಿಸಲಿ? ದೊಡ್ಡಪ್ಪ ತೀರಿದ ಬೆಳಿಗ್ಗೆ ಕಮಲಾಪುರದಿಂದ ಎರಡು ಸಲ ಫೋನು ಬಂದಿತ್ತು. ಅವನಿಗೆ ಹೆಣ್ಣುಮಕ್ಕಳಿರಲಿಲ್ಲ. ತನ್ನನ್ನು ಹೂಳುವ ಕುಣಿಯಲ್ಲಿ ಮಗಳ ಕೈಯ ಒಂದು ಹಿಡಿ ವಿಭೂತಿ ಬೀಳಲಿ ಎಂದು ಅವನೇ ಹೇಳಿಟ್ಟಿದ್ದನಂತೆ, ನನಗಾಗಿ ಸಂಜೆಯ ತನಕ ಮಣ್ಣು ತಡೆದು ಕೂತಿದ್ದರಂತೆ. ಬಸ್ಸಿಗೆ ಒಂದು ತಾಸಿನ ದಾರಿ. ಕಾಲೇಜಿನಲ್ಲಿ ಪರೀಕ್ಷೆ ಇದೆ ಎಂದು ಹೇಳಿ ಫೋನು ಇಟ್ಟಿದ್ದೆ. ಅವತ್ತು ರವಿವಾರವಾಗಿತ್ತು.